ಟೇಲೆಂಡಿನವರ ಪಾಳಿ

ನಮ್ಮ ಶ್ರೀರಾಮನಗರದ ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆಯ ಕೃಪೆ. ಯೋಜನೆ ರೂಪಿಸಿದವರು ಬಹುಪಾಲು ಜಮೀನಿಗೆ ಅಂದುಕೊಂಡಿದ್ದು ಕಡಿಮೆ ನೀರಿನ ಬೆಳೆ. ಮೇಲ್ಭಾಗದವರು ಭತ್ತ ಹಚ್ಚಿದೆವು. ರಾಯಚೂರು ಕಡೆಯವರು ನೀರಿಗಾಗಿ ರಸ್ತೆಗಿಳಿದರು. ಅವರಿಗೆ ನಾವಿಟ್ಟ ಹೆಸರು ‘ಟೇಲೆಂಡ್ ರೈತರು’.

ನೆಟ್‌ವರ್ಕ್‌ನವರಲ್ಲೂ ಒಂದು ‘ಟೇಲ್’ ಇದೆ. ರೂಟರಿನ ಸಾಲು ತುಂಬಿದ ಮೇಲೆ ಬಂದ ಪ್ಯಾಕೆಟ್ಟನ್ನು ಎಸೆಯುವುದಕ್ಕೆ ‘ಟೇಲ್ ಡ್ರಾಪ್’ ಎನ್ನುತ್ತಾರೆ. ಎಸೆದದ್ದನ್ನು ಎಲ್ಲರೂ ಮತ್ತೆ ಮತ್ತೆ ಕಳಿಸುತ್ತಾ ಹೋದರೆ ದಾರಿಯೇ ಕಟ್ಟಿಕೊಳ್ಳುತ್ತದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿದದ್ದು ಹೀಗೆಯೇ.

1993ರಲ್ಲಿ ಸ್ಯಾಲಿ ಫ್ಲಾಯ್ಡ್ ಮತ್ತು ವ್ಯಾನ್ ಜೇಕಬ್ಸನ್ ‘ರೆಡ್’ ಎಂಬ ವಿಧಾನ ಸೂಚಿಸಿದರು. ಸಾಲು ತುಂಬುವ ಮೊದಲೇ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಬೀಳಿಸುವುದು. ಯಾರು ಹೆಚ್ಚು ಕಳಿಸುತ್ತಾರೋ ಅವರದೇ ಹೆಚ್ಚು ಬೀಳುತ್ತದೆ. ಅವರ ಕಂಪ್ಯೂಟರ್ ಸೂಚನೆ ಅರಿತು ವೇಗ ತಗ್ಗಿಸುತ್ತದೆ. ಇದು ಮೇಲ್ಭಾಗದ ತೂಬನ್ನು ಹೊತ್ತಿಗೆ ಮೊದಲೇ ಸ್ವಲ್ಪ ಇಳಿಸಿದಂತೆ. ನನ್ನ ಮಟ್ಟಿಗೆ ಇದು ನ್ಯಾಯ.

ಅನ್ಯಾಯ ಒಳನುಗ್ಗುವುದು ‘ಕ್ವಾಲಿಟಿ ಆಫ್ ಸರ್ವಿಸ್’ ಎಂಬ ಇನ್ನೊಂದು ಬಾಗಿಲಿನಿಂದ. ಮಾತು ತಡೆದರೆ ಅರ್ಥ ಕೆಡುತ್ತದೆ, ಕಡತ ಎರಡು ಕ್ಷಣ ತಡವಾದರೆ ನಷ್ಟವಿಲ್ಲ. ಹಾಗಾಗಿ ದನಿಯ ಪ್ಯಾಕೆಟ್ಟಿಗೆ ಆದ್ಯತೆ ಕೊಡಲಿ, ತಕರಾರಿಲ್ಲ. ಆದರೆ ಆದ್ಯತೆಯ ಸಾಲಿಗೆ ಮಿತಿ ಹಾಕದಿದ್ದರೆ ಉಳಿದ ಸಾಲುಗಳು ಹಸಿದು ಸಾಯುತ್ತವೆ. ನಾನು ಓದುವ ಸಂಸ್ಥೆಯಲ್ಲಿ ಆದದ್ದು ಅದೇ. ಕಚೇರಿಯ ವಿಡಿಯೊ ಸಭೆಗಳೆಲ್ಲ ಮೇಲಿನ ದರ್ಜೆ, ಹಾಸ್ಟೆಲ್ ಕೊನೆಯ ದರ್ಜೆ. ಫೆಲೋಶಿಪ್ ಅರ್ಜಿಯ ಕೊನೆಯ ದಿನ ಗೆಳತಿಯೊಬ್ಬಳ ಪಿಡಿಎಫ್ ಅಪ್‌ಲೋಡ್ ಆಗಲೇ ಇಲ್ಲ. ಕೇಳಿದರೆ, ‘ಅದು ಟೆಕ್ನಿಕಲ್ ವಿಷಯ, ನಿಮಗೆ ತಿಳಿಯೋದಿಲ್ಲ’.

ತಿಳಿಯುತ್ತದೆ ಸ್ವಾಮಿ. ಯಾವ ಪ್ಯಾಕೆಟ್ ಯಾವ ದರ್ಜೆ ಎಂದು ರೂಟರ್ ತಾನಾಗಿ ತೀರ್ಮಾನಿಸುವುದಿಲ್ಲ, ಕುರ್ಚಿಯಲ್ಲಿ ಕೂತ ಮನುಷ್ಯ ಬರೆದಿಡುತ್ತಾನೆ.

‘ಹೆಚ್ಚು ಬ್ಯಾಂಡ್‌ವಿಡ್ತ್ ಕೊಂಡರಾಯಿತು’ ಎನ್ನುವವರೂ ಇದ್ದಾರೆ. ಕೊಳ್ಳಲಿ. ಆದರೆ ಕಾಲುವೆಗೆ ಹೆಚ್ಚು ನೀರು ಬಂದ ವರ್ಷ ನಾವು ಮೇಲಿನವರು ಸುಮ್ಮನಿರುತ್ತೇವೆಯೇ? ಇನ್ನೆರಡು ಎಕರೆ ಭತ್ತ ಹಚ್ಚುತ್ತೇವೆ. ಹಂಚಿಕೆಯ ನಿಯಮ ಬದಲಾಗದೆ ಕೊನೆಭಾಗಕ್ಕೆ ಹನಿಯೂ ತಲುಪದು.

ನಾನು ಕೇಳುವುದು ಇಷ್ಟೇ. ಯಾವ ದರ್ಜೆಗೆ ಎಷ್ಟು ಪಾಲು, ಆದ್ಯತೆಗೆ ಎಲ್ಲಿ ಮಿತಿ ಎಂಬುದನ್ನು ನೋಟಿಸ್ ಬೋರ್ಡಿಗೆ ಹಚ್ಚಿ. ಕಾಲುವೆಗೆ ನೀರು ಬಿಡುವ ದಿನವನ್ನಾದರೂ ಪತ್ರಿಕೆಯಲ್ಲಿ ಹಾಕುತ್ತಾರೆ. ನಮ್ಮ ಹಾಸ್ಟೆಲಿನ ಪಾಳಿ ಯಾವಾಗ ಎಂದು ನಮಗೂ ಗೊತ್ತಾಗಲಿ.