ಮೂರೂಮುಕ್ಕಾಲೋ, ನಾಲ್ಕೂಕಾಲೋ?

ನಮ್ಮಲ್ಲಿ ಹಲವರು ಶಾಲೆಯಲ್ಲಿ ಫ್ರೆಂಚ್ ಕಲಿಯುತ್ತಿದ್ದೇವೆ. ಗೆಳೆಯರನ್ನು ಎಷ್ಟು ಹೊತ್ತಿಗೆ ಭೇಟಿಯಾಗಬೇಕು ಎಂದು ಫ್ರೆಂಚಿನಲ್ಲಿ ಕೇಳುವುದು ಹೇಗೆ? ಇದನ್ನು ನಾನು ಪುಸ್ತಕದಿಂದಲ್ಲ, ಒಂದು ತಪ್ಪಿನಿಂದ ಕಲಿತೆ.

ಕಳೆದ ಜೂನ್‌ನಲ್ಲಿ ನನ್ನ ಗೆಳತಿಯೊಬ್ಬಳು ದುಬೈ ಬಿಟ್ಟು ತನ್ನ ಊರಾದ ಟ್ಯುನೀಶಿಯಾಕ್ಕೆ ಹೊರಟಿದ್ದಳು. ನನಗೆ ಅಭ್ಯಾಸವಾಗಲಿ ಎಂದು ಫ್ರೆಂಚಿನಲ್ಲೇ ಮಾತಾಡುತ್ತಿದ್ದಳು. ಫೋನಿನಲ್ಲಿ ಕೇಳಿದೆ:

"ತು ಎ ಲೀಬ್ರ್ ಸಾಮ್ದಿ?" (ಶನಿವಾರ ಬಿಡುವಿದೆಯಾ?)
"ವಿ." (ಹೌದು.)
"ಆ ಕೆಲ್ ಅರ್?" (ಎಷ್ಟು ಗಂಟೆಗೆ?)
"ಕಾತ್ರ್ ಅರ್ ಮ್ವಾಂ ಲ ಕಾರ್. ಸಾ ತ ವಾ?" (ನಿನಗೆ ಆಗುತ್ತಾ?)

ಕಾತ್ರ್ ಎಂದರೆ ನಾಲ್ಕು, ಕಾರ್ ಎಂದರೆ ಕಾಲು. ನನ್ನ ಕಿವಿಗೆ ಬಿದ್ದದ್ದು ಇವೆರಡೇ. ನಾಲ್ಕೂಕಾಲು ಎಂದುಕೊಂಡು "ಸಾ ಮ ವಾ" ಅಂದೆ, ಅಂದರೆ 'ನನಗೆ ಆಗುತ್ತೆ'.

ಬುರ್ಜುಮಾನ್ ಮೆಟ್ರೋ ನಿಲ್ದಾಣ ತಲುಪಿದಾಗ ಗಂಟೆ 4:10. ಐದು ನಿಮಿಷ ಮೊದಲೇ ಬಂದೆ ಎಂದು ಹೆಮ್ಮೆ! ಅವಳು ಆಗಲೇ ಇಪ್ಪತ್ತೈದು ನಿಮಿಷ ಕಾದಿದ್ದಳು. ಹೊರಗೆ ಕಾರಿನಲ್ಲಿ ಅವಳ ಅಪ್ಪ ಅವಸರ ಮಾಡುತ್ತಿದ್ದರು. ನಮಗೆ ಸಿಕ್ಕಿದ್ದು ಐದೇ ನಿಮಿಷ. ಅದರಲ್ಲೂ ಅರ್ಧ ನಾನು ಸಾರಿ ಕೇಳುವುದರಲ್ಲೇ ಕಳೆಯಿತು.

ರಾತ್ರಿ ಅಮ್ಮನಿಗೆ ಹೇಳಿದೆ. "ಮ್ವಾಂ ಅಂದರೆ ಏನೇ?" ಎಂದು ಕೇಳಿದರು. "ಮೈನಸ್ ಅಮ್ಮ." "ಸರಿ ಹೋಯ್ತು! ನಾಲ್ಕರಲ್ಲಿ ಕಾಲು ಕಳೆದರೆ ಮೂರೂಮುಕ್ಕಾಲು." ಆಗ ಹೊಳೆಯಿತು: ಕನ್ನಡದಲ್ಲಿ ಮೂರಕ್ಕೆ ಮುಕ್ಕಾಲು ಕೂಡಿಸುತ್ತೇವೆ, ಫ್ರೆಂಚಿನಲ್ಲಿ ನಾಲ್ಕರಿಂದ ಕಾಲು ಕಳೆಯುತ್ತಾರೆ. ನಿಜ ಹೇಳಬೇಕೆಂದರೆ, ಮುಕ್ಕಾಲು ಎಂಬ ಮಾತನ್ನೂ ನಾನು ಅಂದೇ ಸರಿಯಾಗಿ ಕಲಿತಿದ್ದು. ಮನೆಯಲ್ಲೂ ನಾವು ಮಕ್ಕಳು ತ್ರೀ ಫಾರ್ಟಿಫೈವ್ ಅನ್ನುವವರೇ!

ಇನ್ನು ಕೆಲವು ನೆನಪಿಡಿ:

• ನಾಲ್ಕೂಕಾಲು: ಕಾತ್ರ್ ಅರ್ ಎ ಕಾರ್. ನಾಲ್ಕೂವರೆ: ಕಾತ್ರ್ ಅರ್ ಎ ದ್ಮಿ.
• ಅನುಮಾನವಿದ್ದರೆ 24 ಗಂಟೆಯ ಲೆಕ್ಕದಲ್ಲಿ ಕೇಳಿ: "ಕ್ಯಾಂಜ್ ಅರ್ ಕರಾಂತ್ ಸ್ಯಾಂಕ್?" ಅಂದರೆ 15:45. ನಾನು ಕೇಳಬೇಕಿದ್ದ ಪ್ರಶ್ನೆ ಇದೇ.
• ಗೆಳೆಯರಿಗೆ 'ತು', ಅಂದರೆ ನೀನು. ಟೀಚರ್‌ಗೆ 'ವು', ಅಂದರೆ ನೀವು: "ವುಜ್ ಎತ್ ಲೀಬ್ರ್?"
• ಅಜ್ಜಿ 'ಎಂಟು ದಿನ ಬಿಟ್ಟು ಬಾ' ಅಂದರೆ ಒಂದು ವಾರ ತಾನೇ? ಫ್ರೆಂಚರೂ ವಾರಕ್ಕೆ 'ವಿ ಜೂರ್' (ಎಂಟು ದಿನ), ಎರಡು ವಾರಕ್ಕೆ 'ಕ್ಯಾಂಜ್ ಜೂರ್' (ಹದಿನೈದು ದಿನ) ಅನ್ನುತ್ತಾರೆ!

ಗೆಳತಿಗೆ ಈಗಲೂ ಫೋನ್ ಮಾಡುತ್ತೇನೆ. ಅವಳ ಗಡಿಯಾರ ನಮ್ಮದಕ್ಕಿಂತ ಮೂರು ಗಂಟೆ ಹಿಂದೆ. ಹಾಗಾಗಿ ಹೊತ್ತನ್ನು ಎರಡು ಸಲ ಕೇಳಿಯೇ ಫೋನ್ ಇಡುತ್ತೇನೆ.

ಈ ವಾರ ಮನೆಯ ಗಡಿಯಾರ ನೋಡಿ ಕಾಲು, ಅರೆ, ಮುಕ್ಕಾಲು ಹೇಳಿ ಅಭ್ಯಾಸ ಮಾಡಿ. ಮೊದಲು ಕನ್ನಡದಲ್ಲಿ, ಆಮೇಲೆ ಫ್ರೆಂಚಿನಲ್ಲಿ. ತರಗತಿಯಲ್ಲಿ ಸಿಗೋಣ. ಆ ಬ್ಯಾಂತೋ!