ಲೇಸರ್ ಬಂದರೂ ಕೈಗೆ ಕೀ ತುರುಕುವುದು ನಿಂತಿಲ್ಲ

ಕಳೆದ ಸೆಮಿಸ್ಟರ್‌ನಲ್ಲಿ ಲ್ಯಾಬ್ ನಡೆಯುತ್ತಿದ್ದಾಗ ಗೆಳೆಯನೊಬ್ಬ ಇದ್ದಕ್ಕಿದ್ದಂತೆ ಕುಸಿದುಬಿದ್ದ. ಕೈಕಾಲು ಸೆಟೆದುಕೊಂಡವು. ಅಲ್ಲಿದ್ದ ಭಾವಿ ಎಂಜಿನಿಯರ್‌ಗಳು ಮಾಡಿದ್ದೇನು? ಒಬ್ಬ ಈರುಳ್ಳಿ ತರಲು ಕ್ಯಾಂಟೀನಿಗೆ ಓಡಿದ. ಇನ್ನೊಬ್ಬ ಬೈಕ್ ಕೀಯನ್ನು ಅವನ ಕೈಗೆ ತುರುಕಿದ. ಆ ಇನ್ನೊಬ್ಬ ನಾನೇ.

ಎಂಟನೇ ಕ್ಲಾಸಿನಿಂದಲೂ ಅವನಿಗೆ ಮೂರ್ಛೆರೋಗವಿತ್ತಂತೆ. 'ಮಾತ್ರೆ ಬದಲಾಗುತ್ತೆ, ಫಿಟ್ಸ್ ಮಾತ್ರ ಬಿಡಲ್ಲ ಕಣೋ' ಅಂದ. ಆಮೇಲೆ ನಾನು ಓದತೊಡಗಿದೆ.

ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ಅವರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿಗೆ ಮಾತ್ರೆ ನಾಟುವುದಿಲ್ಲ. ಸರಿಯಾಗಿ ಆಯ್ದ ಎರಡು ಔಷಧ ಸೋತರೆ ಅದು ಔಷಧಕ್ಕೆ ಬಗ್ಗದ ಕಾಯಿಲೆ. ಮೂರನೆಯದು ಗೆಲ್ಲುವ ಸಾಧ್ಯತೆ ಕಡಿಮೆ. ಆಗ ಉಳಿಯುವ ಮುಖ್ಯ ದಾರಿ ಶಸ್ತ್ರಚಿಕಿತ್ಸೆ. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಪ್ರಜ್ಞೆ ತಪ್ಪಿಸುವ ಫಿಟ್ಸ್‌ನಿಂದ ಒಂದು ವರ್ಷದ ಕೊನೆಗೆ ಮುಕ್ತರಾದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 58, ಬರೀ ಔಷಧದ ಗುಂಪಿನಲ್ಲಿ ಶೇ 8.

ಆದರೆ ತಲೆಬುರುಡೆ ತೆರೆಯುವುದೆಂದರೆ ಯಾರಿಗೆ ಭಯವಿಲ್ಲ? ಲೇಸರ್ ಹುಟ್ಟಿದ್ದು ಇಲ್ಲಿಗೇ. ಹ್ಯೂಸ್ಟನ್‌ನ ಟೆಕ್ಸಾಸ್ ಮಕ್ಕಳ ಆಸ್ಪತ್ರೆಯ ವೈದ್ಯರು 2012ರಲ್ಲಿ ಮಕ್ಕಳಲ್ಲಿ ಇದನ್ನು ಬಳಸಿದ ಫಲಿತಾಂಶ ಪ್ರಕಟಿಸಿದರು. ಕೆಲವೇ ಮಿಲಿಮೀಟರ್ ಅಗಲದ ರಂಧ್ರದ ಮೂಲಕ ಆಪ್ಟಿಕಲ್ ಫೈಬರ್ ಇಳಿಸಿ, ಫಿಟ್ಸ್ ಹುಟ್ಟುವ ಜಾಗವನ್ನಷ್ಟೇ ಬಿಸಿ ಮಾಡಿ ನಾಶಮಾಡುತ್ತಾರೆ. ನನಗೆ ಬೆರಗಾದದ್ದು ಎಂಆರ್‌ಐನ ಪಾತ್ರ. ನೀರಿನ ಪ್ರೋಟಾನ್‌ಗಳ ಕಂಪನಾಂಕ ಉಷ್ಣತೆಯೊಂದಿಗೆ ಕೊಂಚ ಬದಲಾಗುತ್ತದೆ. ಅದನ್ನು ಅಳೆದು ಎಂಆರ್‌ಐ ಮಿದುಳಿನೊಳಗಿನ ಥರ್ಮಾಮೀಟರ್ ಆಗುತ್ತದೆ. ಪಕ್ಕದ ಸೂಕ್ಷ್ಮ ಜಾಗದ ಬಿಸಿ ಮಿತಿ ಮೀರಿದರೆ ಲೇಸರ್ ತಾನೇ ಆಫ್ ಆಗುತ್ತದೆ. ನಾವು ಓದುವ ಫೀಡ್‌ಬ್ಯಾಕ್ ಕಂಟ್ರೋಲ್ ಅಂದರೆ ಇದೇ!

ಹಾಗಂತ ಇದು ಮಾಯಾದಂಡವಲ್ಲ. ಕಪಾಲದ ಪಕ್ಕದ ಟೆಂಪೊರಲ್ ಭಾಗದ ಕಾಯಿಲೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನರಷ್ಟೇ ಫಿಟ್ಸ್‌ನಿಂದ ಮುಕ್ತರಾಗುತ್ತಾರೆ. ತೆರೆದ ಶಸ್ತ್ರಚಿಕಿತ್ಸೆಯ ಫಲ ಇದಕ್ಕಿಂತ ಕೊಂಚ ಮೇಲು. ಲೇಸರ್‌ನ ಲಾಭವೆಂದರೆ ಒಂದೆರಡು ದಿನದಲ್ಲಿ ಮನೆಗೆ ಹೋಗಬಹುದು, ನೋವೂ ಕಡಿಮೆ. ಫಿಟ್ಸ್ ಎಲ್ಲಿಂದ ಹುಟ್ಟುತ್ತದೆಂದು ಮೊದಲೇ ಗೊತ್ತಾಗದಿದ್ದರೆ ಎರಡೂ ಉಪಯೋಗಕ್ಕಿಲ್ಲ. ಖರ್ಚೂ ದೊಡ್ಡದು: ಫೈಬರ್ ಒಂದೇ ಸಲದ ಬಳಕೆಗೆ, ಎಂಆರ್‌ಐ ಗಂಟೆಗಟ್ಟಲೆ ಬೇಕು.

ನನ್ನ ಪ್ರಕಾರ ನಮ್ಮ ದೊಡ್ಡ ಕೊರತೆ ಯಂತ್ರವಲ್ಲ, ತಡ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಮೂರ್ಛೆರೋಗದ ಶಸ್ತ್ರಚಿಕಿತ್ಸೆ ಹೊಸದೇನಲ್ಲ. ಆದರೆ ರೋಗಿ ಅಲ್ಲಿಗೆ ತಲುಪುವ ಮುನ್ನ ವರ್ಷಗಳೇ ಕಳೆದಿರುತ್ತವೆ. 1999ರಲ್ಲೇ ಹಿಂದೂ ವಿವಾಹ ಕಾಯ್ದೆಯಿಂದ ಮೂರ್ಛೆರೋಗವನ್ನು ಕೈಬಿಟ್ಟರೂ, ಮದುವೆಯ ಮಾತು ಬಂದಾಗ ಮನೆಗಳಲ್ಲಿ ಇಂದಿಗೂ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕಾಯಿಲೆಗೆ ತಜ್ಞರು ಸಿಗುವುದಾದರೂ ಹೇಗೆ?

ಗೆಳೆಯ ಈಗ ವಿಡಿಯೊ ಇಇಜಿ ಪರೀಕ್ಷೆಗೆ ಒಪ್ಪಿದ್ದಾನೆ. 'ತಲೆಗೆ ಕೈ ಹಾಕಿಸಬೇಡ' ಎಂದು ಅವನಮ್ಮ ಇನ್ನೂ ಅಳುತ್ತಾರೆ. ನಾನಂತೂ ಒಂದು ಕಲಿತೆ: ಮುಂದಿನ ಸಲ ಕೀ ಹುಡುಕುವುದಿಲ್ಲ. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕದೆ, ಗಡಿಯಾರ ನೋಡುತ್ತೇನೆ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯುತ್ತೇನೆ.