ಬಾಗಿಲು ಮುಚ್ಚಿರುವಾಗಲೇ ಮನೆ ಗಟ್ಟಿ ಮಾಡಿಕೊಳ್ಳೋಣ

ಹಾಲು ಉತ್ಪಾದಕ ಅಕ್ಕ-ತಂಗಿಯರೇ,

‘ಎರಡು ದೇಶಗಳ ನಡುವೆ ವ್ಯಾಪಾರ ಒಪ್ಪಂದ’ ಎಂಬ ಸುದ್ದಿ ಟಿವಿಯಲ್ಲಿ ಬಂದರೆ, ಅದು ದಿಲ್ಲಿಯವರ ವಿಷಯ ಎಂದುಕೊಂಡು ನಾವು ಕೊಟ್ಟಿಗೆಯ ಕಡೆ ಹೊರಡುತ್ತೇವೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಇಂಥ ಮಾತುಕತೆಗಳಲ್ಲಿ ಮತ್ತೆ ಮತ್ತೆ ಗಂಟು ಬಿದ್ದಿರುವುದು ಹಾಲಿನ ವಿಷಯದಲ್ಲೇ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ದಿನಕ್ಕೆ ಎರಡು ಹೊತ್ತು ಡೇರಿಗೆ ಹಾಲು ಹಾಕುವ ನಾವು ಇದನ್ನು ತಿಳಿದುಕೊಳ್ಳಲೇಬೇಕು. ಏಕೆಂದರೆ ಅಲ್ಲಿ ಆಗುವ ಸಹಿ ಇಲ್ಲಿ ನಮ್ಮ ಬಟವಾಡೆಯನ್ನು ಮುಟ್ಟಬಲ್ಲದು.

ಎರಡು ದೇಶಗಳು ವ್ಯಾಪಾರಕ್ಕೆ ಕುಳಿತಾಗ ನಡೆಯುವುದು ಕೊಡು-ಕೊಳ್ಳುವ ಮಾತು. ನಿಮ್ಮ ಸರಕಿನ ಮೇಲೆ ನಾವು ಸುಂಕ ಇಳಿಸುತ್ತೇವೆ, ನಮ್ಮ ಸರಕಿನ ಮೇಲೆ ನೀವು ಇಳಿಸಿ ಎನ್ನುತ್ತಾರೆ. ಸರಕಿನ ಜೊತೆಗೆ ಸೇವೆಯ ಮಾತೂ ಬರುತ್ತದೆ. ನಮ್ಮ ಎಂಜಿನಿಯರುಗಳಿಗೆ, ನರ್ಸುಗಳಿಗೆ ಕೆಲಸದ ವೀಸಾ ಕೊಡಿ ಎಂದು ನಾವು ಕೇಳುತ್ತೇವೆ. ಆ ಕಡೆಯವರು ನಮ್ಮ ಪೇಟೆಯಲ್ಲಿ ತಮ್ಮ ಮಾಲು ಮಾರಲು ಕೇಳುತ್ತಾರೆ. ನ್ಯೂಜಿಲೆಂಡಿನಂಥ ದೇಶಕ್ಕೆ ಮಾರಲು ಇರುವ ದೊಡ್ಡ ಮಾಲು ಹಾಲಿನ ಪುಡಿ, ಬೆಣ್ಣೆ, ಚೀಸ್. ಅಲ್ಲಿ ಒಬ್ಬ ರೈತನ ಹಿಂಡಿನಲ್ಲಿ ಸರಾಸರಿ 400ಕ್ಕೂ ಹೆಚ್ಚು ಆಕಳುಗಳಿರುತ್ತವೆ. ಹಾಲಿನ ಬಹುಪಾಲು ಹೊರದೇಶಗಳಿಗೇ ಹೋಗುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಎಚ್‌ಎಫ್ ಆಕಳು. 1998ರಿಂದ ಜಗತ್ತಿನಲ್ಲೇ ಅತಿ ಹೆಚ್ಚು ಹಾಲು ಉತ್ಪಾದಿಸುತ್ತಿರುವ ದೇಶ ನಮ್ಮದು, ಆದರೆ ಆ ಹಾಲು ಬರುವುದು ಇಂಥ ಕೋಟಿಗಟ್ಟಲೆ ಸಣ್ಣ ಕೊಟ್ಟಿಗೆಗಳಿಂದ.

ಇಲ್ಲಿಯವರೆಗೆ ದೇಶ ಹಾಲಿನ ಬಾಗಿಲನ್ನು ತೆರೆದಿಲ್ಲ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತವು ಆರ್‌ಸಿಇಪಿ ಎಂಬ ಹಲವು ದೇಶಗಳ ಒಪ್ಪಂದದಿಂದ ಹಿಂದೆ ಸರಿಯಿತು. ನ್ಯೂಜಿಲೆಂಡ್, ಆಸ್ಟ್ರೇಲಿಯಾ ಎರಡೂ ಅದರಲ್ಲಿದ್ದವು. ಹಿಂದೆ ಸರಿಯಲು ಹಾಲು ಉತ್ಪಾದಕರ ವಿರೋಧವೂ ಒಂದು ಕಾರಣವಾಗಿತ್ತು. 2022ರಲ್ಲಿ ಆಸ್ಟ್ರೇಲಿಯಾ ಜೊತೆ, 2025ರ ಜುಲೈನಲ್ಲಿ ಬ್ರಿಟನ್ ಜೊತೆ ಒಪ್ಪಂದಗಳಾದವು. ಎರಡರಲ್ಲೂ ಮುಖ್ಯ ಹಾಲಿನ ಪದಾರ್ಥಗಳನ್ನು ಹೊರಗಿಡಲಾಯಿತು. ನ್ಯೂಜಿಲೆಂಡ್ ಜೊತೆ 2025ರ ಮಾರ್ಚ್‌ನಲ್ಲಿ ಮತ್ತೆ ಶುರುವಾದ ಮಾತುಕತೆ ಡಿಸೆಂಬರ್‌ನಲ್ಲಿ ಮುಗಿದಾಗಲೂ ಹಾಗೆಯೇ ಆಯಿತು.

ಇದರಿಂದ ನಮಗೇನು ಎಂದು ಕೇಳಬಹುದು. ಲೆಕ್ಕ ಸರಳ. ಹೊರಗಿನಿಂದ ಬರುವ ಹಾಲಿನ ಪುಡಿಗೆ ನಮ್ಮ ದೇಶದಲ್ಲಿ ಶೇ. 60 ಸುಂಕವಿದೆ. ವರ್ಷಕ್ಕೆ 10,000 ಟನ್‌ವರೆಗೆ ಮಾತ್ರ ಶೇ. 15ರ ಸುಂಕದಲ್ಲಿ ತರಿಸಲು ಅವಕಾಶ ಕೊಡಬಹುದು. ಉದಾಹರಣೆಗೆ, ಬಂದರಿನಲ್ಲಿ ಕಿಲೋಗೆ 200 ರೂಪಾಯಿಗೆ ಇಳಿಯುವ ಪುಡಿ ಶೇ. 60ರ ಸುಂಕ ಸೇರಿ 320 ರೂಪಾಯಿ ಆಗುತ್ತದೆ. ಸುಂಕ ತೆಗೆದರೆ 200ಕ್ಕೇ ಪೇಟೆಗೆ ಬರುತ್ತದೆ.

ಮಳೆಗಾಲ ಕಳೆದು ಹಸಿಮೇವು ಹೆಚ್ಚಾದಾಗ ಹಾಲೂ ಹೆಚ್ಚುತ್ತದೆ. ಪ್ಯಾಕೆಟ್‌ಗೆ ಹೋಗಿ ಉಳಿದ ಹಾಲನ್ನು ಒಕ್ಕೂಟಗಳು ಪುಡಿ, ಬೆಣ್ಣೆ ಮಾಡುತ್ತವೆ. ಒಂದು ಕಿಲೋ ಕೆನೆರಹಿತ ಪುಡಿಗೆ ಸುಮಾರು 11 ಲೀಟರ್ ಹಾಲು ಬೇಕು. ಪುಡಿಯ ದರ ಕಿಲೋಗೆ 55 ರೂಪಾಯಿ ಬಿದ್ದರೆ, ಪುಡಿಗೆ ಹೋದ ಹಾಲಿನ ಪ್ರತಿ ಲೀಟರಿಗೆ 5 ರೂಪಾಯಿ ಹೋದಂತೆ. ರಾಜ್ಯ ಸರ್ಕಾರ ಲೀಟರಿಗೆ ಕೊಡುತ್ತ ಬಂದ ಪ್ರೋತ್ಸಾಹಧನವೂ 5 ರೂಪಾಯಿಯೇ! ಎಲ್ಲ ಹಾಲೂ ಪುಡಿಯಾಗುವುದಿಲ್ಲ, ನಷ್ಟ ಎಲ್ಲರಿಗೂ ಹಂಚಿಹೋಗುತ್ತದೆ, ನಿಜ. ಆದರೂ ಖರೀದಿ ದರ ಲೀಟರಿಗೆ 2 ರೂಪಾಯಿ ಇಳಿದರೆ, ದಿನಕ್ಕೆ 8 ಲೀಟರ್ ಹಾಕುವ ಮನೆಗೆ ತಿಂಗಳಿಗೆ 480 ರೂಪಾಯಿ ಕಡಿಮೆ. ಹಿಂಡಿಯ ಅಂಗಡಿಯವನು ಮಾತ್ರ ತನ್ನ ದರ ಇಳಿಸುವುದಿಲ್ಲ.

ಆದ್ದರಿಂದ ಹಾಲನ್ನು ಒಪ್ಪಂದಗಳಿಂದ ಹೊರಗಿಟ್ಟಿದ್ದು ಸರಿ ಎಂಬುದೇ ನನ್ನ ಅಭಿಪ್ರಾಯ. ಆದರೆ ಈ ಬಾಗಿಲು ಮುಚ್ಚಿಡಲು ಬೇರೆಯವರು ಬೆಲೆ ತೆರುತ್ತಾರೆ ಎಂಬುದನ್ನೂ ನಾವು ಮರೆಯಬಾರದು. ದನಕ್ಕೆ ಮಾಂಸ, ರಕ್ತದ ಪುಡಿ ತಿನ್ನಿಸಿಲ್ಲವೆಂಬ ಪ್ರಮಾಣಪತ್ರವಿಲ್ಲದೆ ಹೊರಗಿನ ಹಾಲಿನ ಪದಾರ್ಥಗಳನ್ನು ಭಾರತ ಬಿಟ್ಟುಕೊಳ್ಳುವುದಿಲ್ಲ. ಇದರ ವಿರುದ್ಧ ಅಮೆರಿಕದ ಹಾಲು ಉದ್ಯಮ ತನ್ನ ಸರ್ಕಾರಕ್ಕೆ ದೂರು ಕೊಟ್ಟಿತ್ತು. ಇಂಥ ದೂರುಗಳ ನಂತರ 2019ರ ಜೂನ್‌ನಲ್ಲಿ ಆ ದೇಶವು ಭಾರತದ ಅನೇಕ ಸರಕುಗಳಿಗೆ ಕೊಡುತ್ತಿದ್ದ ಸುಂಕ ರಿಯಾಯಿತಿಯನ್ನು ಹಿಂದೆಗೆದುಕೊಂಡಿತು. ಹಾಲಿಗೆ ಸಂಬಂಧವೇ ಇಲ್ಲದ ಕಾರ್ಖಾನೆಗಳಿಗೂ ಅದರ ಪೆಟ್ಟು ಬಿತ್ತು. ನಮ್ಮ ಊರುಗಳಲ್ಲೇ ನೋಡಿ: ತಾಯಿ ಡೇರಿಗೆ ಹಾಲು ಹಾಕುತ್ತಾಳೆ, ಮಗಳು ನರ್ಸಿಂಗ್ ಓದಿ ಹೊರದೇಶದ ಕೆಲಸದ ಕನಸು ಕಾಣುತ್ತಾಳೆ. ಆ ಮೇಜಿನ ಮೇಲೆ ಇಬ್ಬರ ವಿಷಯವೂ ಇರುತ್ತದೆ. ತಾಯಿಯ ಹಾಲಿಗೆ ಕೊಟ್ಟ ರಕ್ಷಣೆ ಎಂದೆಂದಿಗೂ ಹೀಗೇ ಇರುತ್ತದೆ ಎಂದು ಯಾರೂ ಬರೆದು ಕೊಟ್ಟಿಲ್ಲ.

ಹೀಗಾಗಿ ಸುಂಕದ ಈ ಗೋಡೆಯನ್ನು ನಮಗೆ ಸಿಕ್ಕ ಕಾಲಾವಕಾಶ ಎಂದು ತಿಳಿಯೋಣ. ಬಾಗಿಲು ಮುಚ್ಚಿರುವಾಗಲೇ ಮನೆ ಗಟ್ಟಿ ಮಾಡಿಕೊಳ್ಳುವುದು ಜಾಣತನ. ಮನೆ ಗಟ್ಟಿ ಮಾಡುವ ಕೆಲಸ ಬಹಳಷ್ಟು ನಮ್ಮ ಕೈಯಲ್ಲೇ ಇದೆ.

ಒಂದು, ಮೇವು. ಘಟಪ್ರಭೆಯ ನೀರಿನಿಂದ ನಮ್ಮಲ್ಲಿ ಕಬ್ಬು, ಗೋವಿನಜೋಳಕ್ಕೆ ಕೊರತೆಯಿಲ್ಲ. ಆದರೆ ಮಳೆಯಲ್ಲಿ ನೆನೆದು ಬೂಸಲು ಹಿಡಿದ ಜೋಳ, ಹತ್ತಿಕಾಳು ಹಿಂಡಿಯನ್ನು ‘ದನಕ್ಕಲ್ಲವೇ, ನಡೆಯುತ್ತದೆ’ ಎಂದು ಹಾಕುತ್ತೇವೆ. ಆ ಬೂಸಲಿನ ವಿಷ ಹಾಲಿಗೂ ಇಳಿಯುತ್ತದೆ. ಇದಕ್ಕೆ ಅಫ್ಲಾಟಾಕ್ಸಿನ್ ಎನ್ನುತ್ತಾರೆ. ನಮ್ಮ ದೇಶದ ನಿಯಮದಂತೆ ಕಿಲೋ ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಂ ಮೀರಬಾರದು. ಯುರೋಪಿನ ಮಿತಿ 0.05, ಅಂದರೆ ಹತ್ತು ಪಟ್ಟು ಬಿಗಿ. ಬೂಸಲು ಹಿಡಿದದ್ದನ್ನು ಹಾಕಬೇಡಿ. ಹಿಂಡಿ ಚೀಲವನ್ನು ನೆಲದ ಮೇಲಿಡದೆ ಹಲಗೆಯ ಮೇಲಿಡಿ.

ಎರಡು, ಔಷಧಿ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಡಿಸಿದ ಮೇಲೆ, ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಕ್ಯಾನಿಗೆ ಸೇರಿಸಬೇಡಿ. ಒಬ್ಬರ ಹಾಲು ಇಡೀ ಸಂಘದ ಹಾಲನ್ನು ಕೆಡಿಸುತ್ತದೆ.

ಮೂರು, ಕಾಲುಬಾಯಿ ಬೇನೆ. ಈ ಬೇನೆ ಇರುವ ದೇಶದ ಹಾಲಿನ ಪದಾರ್ಥ ಕೊಳ್ಳಲು ಅನೇಕ ದೇಶಗಳು ಹಿಂಜರಿಯುತ್ತವೆ. 2019ರಿಂದ ಕೇಂದ್ರದ ಯೋಜನೆಯಲ್ಲಿ ಉಚಿತ ಲಸಿಕೆ ಹಾಕಲಾಗುತ್ತಿದೆ. ಎರಡು ದಿನ ಹಾಲು ಕಡಿಮೆಯಾಗುತ್ತದೆಂದು ಲಸಿಕೆಯವರು ಬಂದಾಗ ಎಮ್ಮೆಯನ್ನು ಹೊಲಕ್ಕೆ ಅಟ್ಟಬೇಡಿ.

2024ರ ಟಿ-20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ನಂದಿನಿಯ ಹೆಸರಿತ್ತು. ಹೆಸರು ಅಷ್ಟು ದೂರ ಹೋಗಿದೆ. ಹಾಲಿನ ಪದಾರ್ಥಗಳೂ ಆ ದೇಶಗಳ ಪೇಟೆಗೆ ಹೋಗಬೇಕಾದರೆ ಈ ಮೂರು ಕೆಲಸಗಳೇ ದಾರಿ. ನಾಳೆ ಬಾಗಿಲು ತೆರೆದರೂ ‘ನಮ್ಮೂರ ಹಾಲೇ ಬೇಕು’ ಎಂದು ಗಿರಾಕಿ ಕೇಳುವಂತೆ ಮಾಡುವುದೂ ಇವೇ.

ಕೊನೆಯದಾಗಿ ಒಂದು ಮಾತು. ಮೇವು, ಹಿಂಡುವುದು, ಸೆಗಣಿ ಬಳಿಯುವುದು ನಮ್ಮ ಪಾಲಿಗೆ. ಷೇರು ಮಾತ್ರ ಯಜಮಾನರ ಹೆಸರಿನಲ್ಲಿ. ಸದಸ್ಯತ್ವ ನಿಮ್ಮ ಹೆಸರಿಗಿಲ್ಲದಿದ್ದರೆ ಕಾರ್ಯದರ್ಶಿಯವರನ್ನು ಕೇಳಿ ಅರ್ಜಿ ಕೊಡಿ. ಈ ಸಲದ ವಾರ್ಷಿಕ ಸರ್ವಸಾಧಾರಣ ಸಭೆಗೆ ನೀವೇ ಬನ್ನಿ. ಅಲ್ಲಿ ಎರಡು ಮಾತು ಠರಾವಿನಲ್ಲಿ ಬರೆಸಿ: ಯಾವ ದೇಶದೊಂದಿಗೆ ಒಪ್ಪಂದವಾದರೂ ಹಾಲು ಹೊರಗಿರಲಿ, ಸಂಘದಲ್ಲಿ ಹಾಲಿನ ಶುದ್ಧತೆಯ ಪರೀಕ್ಷೆ ಬಿಗಿಯಾಗಲಿ. ಮೊದಲನೆಯದನ್ನು ಸರ್ಕಾರದಿಂದ ಕೇಳುವ ಹಕ್ಕು ನಮಗೆ ಬರುವುದು ಎರಡನೆಯದನ್ನು ನಾವು ಮಾಡಿದಾಗಲೇ.